ಹಳೇ ಡೀಸೆಲ್ ಜೀಪು ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಯಾವುದರಿಂದ ಶುರು ಮಾಡಲಿ?

ನಗರದ ಜೀಪು, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು 1994ರ ಮಹೀಂದ್ರ ಎಂಎಂ 540. ಪ್ಯೂಜೊ ಎಂಜಿನ್, 2112 ಸಿಸಿ ಡೀಸೆಲ್. ಅಪ್ಪ ತಗೊಂಡ ಜೀಪು, ಮಾರುವ ಯೋಚನೆ ಇಲ್ಲ. ಔಷಧಿ ಡ್ರಮ್ಮು, ಗೊಬ್ಬರ, ಹಸಿ ಅಡಿಕೆ, ಮಳೆಗಾಲದಲ್ಲಿ ಮಕ್ಕಳನ್ನು ಬಸ್ಸಿಗೆ ಬಿಡುವುದು, ಎಲ್ಲದಕ್ಕೂ ಇದೇ. ನಮ್ಮ ಮನೆ ದಾರಿಗೆ ಬೇರೆ ಗಾಡಿ ಇಳಿಯುವುದಿಲ್ಲ.

ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತೆ, ಆದರೆ ತುಂಬಾ ನಿಧಾನ. ಸ್ವಲ್ಪ ಬಿಳಿ ಹೊಗೆ ಬರುತ್ತೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನದ ಮೇಲೆ ಕೆಲವು ಸಲ ಆಗುತ್ತೆ. ಪೇಟೆಯಲ್ಲಿ ತೋರಿಸಿದಾಗ ಬ್ಯಾಟರಿ ಹೋಗಿದೆ ಅಂದರು. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ತೊಂದರೆ ಹಾಗೇ ಇದೆ. ಈಗ ಸ್ಟಾರ್ಟರ್ ಮೋಟರ್ ಬಿಚ್ಚಬೇಕು, ಅದರಲ್ಲೂ ಸರಿಹೋಗದಿದ್ದರೆ ಡೀಸೆಲ್ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಬೇಕು ಅಂತಿದ್ದಾರೆ. ಪಂಪ್ ಅಂದರೆ ಖರ್ಚು ಸಣ್ಣದಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಸಮಯ ಬೇರೆ, ಜೀಪು ನಿಲ್ಲಿಸಿಕೊಂಡು ಕೂರುವ ಹಾಗಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕೊಪ್ಪದ ಕಮಾಂಡರ್

ಮಾರಾಯ್ರೇ, ಪಂಪ್ ಬಿಚ್ಚಿಸಬೇಡಿ. ಮೊದಲು ಡೀಸೆಲ್ ಲೈನಿನಲ್ಲಿ ಗಾಳಿ ಇದೆಯಾ ನೋಡಿ. ನಮ್ಮ ಕಮಾಂಡರ್ ಜೀಪಿಗೆ ಇದೇ ಆಗಿತ್ತು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎಷ್ಟು ಸೆಲ್ಫ್ (ಸ್ಟಾರ್ಟರ್) ಹೊಡೆದರೂ ಇಲ್ಲ.

ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಡೀಸೆಲ್ಲನ್ನು ಎಳೆದುಕೊಳ್ಳುವ ಲೈನು. ಅಲ್ಲಿ ರಬ್ಬರ್ ಹೋಸ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದು ಕಾಣದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಆ ಜಾಗಕ್ಕೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿ ನೋಡಿ, ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತೆ.

ಗಾಳಿ ತೆಗೆಯುವುದು ಹೀಗೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿ. ಫೀಡ್ ಪಂಪಿನ ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ, ಆಮೇಲೆ ಬರೀ ಡೀಸೆಲ್. ಆಗ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ಇಂಜೆಕ್ಟರ್ ಹತ್ತಿರದ ನಟ್ಟು. ಇಂಜೆಕ್ಟರ್ ಪೈಪಿನ ಡೀಸೆಲ್‌ಗೆ ಕೈ ಅಡ್ಡ ಇಡಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮದ ಒಳಗೇ ನುಗ್ಗುತ್ತೆ, ಆಸ್ಪತ್ರೆಗೆ ಓಡಬೇಕಾಗುತ್ತೆ.

ಸಾಗರದ ಸ್ಪ್ಯಾನರ್

ಕೊಪ್ಪದವರು ಬರೆದಿದ್ದು ಸರಿಯಾದ ಕ್ರಮ. ಆದರೆ ಈ ಜೀಪಿನ ಲಕ್ಷಣ ಅದಲ್ಲ ಅನ್ನಿಸುತ್ತೆ. ಅವರ ಕಮಾಂಡರಿನಲ್ಲಿ ಸ್ಟಾರ್ಟರ್ ಜೋರಾಗಿ ತಿರುಗಿ, ಹೊಗೆಯೇ ಬರದೆ ಇತ್ತಲ್ವಾ? ಇಲ್ಲಿ ಬಿಳಿ ಹೊಗೆ ಬರುತ್ತಿದೆ. ಅಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಷ್ಟೇ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಕಡೆ ಹುಡುಕಬೇಕು. ಬಿಳಿ ಹೊಗೆ ಇದ್ದರೆ ಬಿಸಿಯ ಕಡೆ ಹುಡುಕಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ ನಿಧಾನ ತಿರುಗಿದರೆ ಒತ್ತಿದ ಗಾಳಿ ಪಿಸ್ಟನ್ ರಿಂಗ್ ಸಂದಿಯಲ್ಲಿ ಜಾರುತ್ತೆ, ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೆ ಹೋಗುತ್ತೆ. ಹಾಗಾಗಿ ತಿರುಗುವ ವೇಗ ಕಡಿಮೆಯಾದರೆ ಮಿಕ್ಕಿದ್ದೆಲ್ಲ ಸರಿ ಇದ್ದರೂ ಹಿಡಿಯುವುದಿಲ್ಲ.

ಏನೂ ಬಿಚ್ಚುವ ಮೊದಲು ನನಗೆ ಇಷ್ಟು ಹೇಳಿ. ಇಳಿಜಾರಿನಲ್ಲಿ ಬಿಟ್ಟು ಗೇರ್ ಹಾಕಿದರೆ ಸ್ಟಾರ್ಟ್ ಆಗುತ್ತಾ? ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದಾಗ ಬೆಳಕು ಪೂರ್ತಿ ಸಾಯುತ್ತಾ, ಅಥವಾ ಸ್ವಲ್ಪ ಮಾತ್ರ ಕುಗ್ಗುತ್ತಾ? ಸೆಲ್ಫ್ ಹೊಡೆಯುವಾಗ ಸುಟ್ಟ ವಾಸನೆ, ಬಿಸಿ ಏನಾದರೂ?

ನಗರದ ಜೀಪು

ಇಳಿಜಾರಿನಲ್ಲಿ ಬಿಟ್ಟರೆ ತಕ್ಷಣ ಹಿಡಿಯುತ್ತೆ! ಅಂಗಳದ ಕೆಳಗೆ ಇಳುಕಲು ಇದೆ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಸ್ವಲ್ಪ ಹೊಗೆ ಬಿಟ್ಟು ಓಡುತ್ತೆ. ಈಗ ದಿನಾ ಅದೇ ನಡೆಯುತ್ತಿದೆ. ಆದರೆ ತೋಟದ ಕೆಳಗೆ ಆಫ್ ಆದರೆ ತಳ್ಳುವುದಕ್ಕೆ ಜನ ಬೇಕು.

ಲೈಟ್ ನೋಡಿದೆ. ಸ್ವಲ್ಪ ಮಾತ್ರ ಕುಗ್ಗುತ್ತೆ, ಚೆನ್ನಾಗೇ ಉರಿಯುತ್ತೆ. ಮತ್ತೆ ನೀವು ಬಿಸಿ ಅಂದಿದ್ದಕ್ಕೆ ನೆನಪಾಯಿತು. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಇದೆಯಲ್ಲ, ಜಾಸ್ತಿ ಹೊತ್ತು ಸೆಲ್ಫ್ ಹೊಡೆದರೆ ಅದು ಬೆಚ್ಚಗಾಗುತ್ತೆ. ಪ್ಲಾಸ್ಟಿಕ್ ವಾಸನೆಯೂ ಬರುತ್ತೆ. ಎಂಜಿನ್ ಬಿಸಿಗೆ ಇರಬೇಕು ಅಂದುಕೊಂಡಿದ್ದೆವು.

ಸಾಗರದ ಸ್ಪ್ಯಾನರ್

ತಣ್ಣನೆಯ ಎಂಜಿನ್ನಿನಲ್ಲಿ ಬೆಳಿಗ್ಗೆ ಕೇಬಲ್ ಯಾಕೆ ಬಿಸಿಯಾಗಬೇಕು? ಇದು ತುಂಬಾ ಒಳ್ಳೆಯ ಸುಳಿವು. ನಿಮ್ಮ ಜೀಪಿನ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ, ಹೋಗಿದೆ ಅನ್ನುವುದು ನನ್ನ ಅಂದಾಜು.

ಬ್ಯಾಟರಿಯ ನೆಗೆಟಿವ್ ವೈರು ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಹೋಗುತ್ತೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ರಬ್ಬರ್ ಮೌಂಟಿಂಗ್ ಮೇಲೆ ಕೂತಿವೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿನಿಂದ ಚಾಸಿಗೆ ಒಂದು ದಪ್ಪ ಹೆಣೆದ ಪಟ್ಟಿ ಇರುತ್ತೆ. ಆ ಪಟ್ಟಿ ತುಕ್ಕು ಹಿಡಿದರೆ ಅಥವಾ ಹರಿದರೆ ಸ್ಟಾರ್ಟರಿನ ಕರೆಂಟು ವಾಪಸ್ ಬರಲು ಬೇರೆ ದಾರಿ ಹುಡುಕುತ್ತೆ. ಎಂಜಿನ್ನಿಗೂ ಬಾಡಿಗೂ ಮಧ್ಯೆ ಇರುವ ಸ್ಟಾಪ್ ಕೇಬಲ್ ಅಂಥ ದಾರಿ. ಅಷ್ಟು ಸಣ್ಣ ತಂತಿ ಆ ಕರೆಂಟಿಗೆ ಬಿಸಿಯಾಗದೆ ಇರುತ್ತಾ?

ಲೈಟಿನ ಲೆಕ್ಕವೂ ಅದೇ. ಬ್ಯಾಟರಿ ಬಡವಾಗಿದ್ದರೆ ಲೈಟು ಸಾಯಬೇಕಿತ್ತು. ಲೈಟು ಚೆನ್ನಾಗಿದ್ದು ಸ್ಟಾರ್ಟರ್ ನಿಧಾನ ಅಂದರೆ ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ.

ಅಂದಾಜಿನ ಮೇಲೆ ಸಾಮಾನು ತರಬೇಡಿ. ಹೊಸ ಬ್ಯಾಟರಿಗೆ ಹಾಕಿದ ದುಡ್ಡು ಹಾಗೇ ಹೋಗಿದ್ದು. ಒಂದು ಮಲ್ಟಿಮೀಟರ್ ತಗೊಂಡು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಇಳುಕಲಿನಲ್ಲಿ ನಿಲ್ಲಿಸಿ ಈ ಕೆಲಸ ಬೇಡವೇ ಬೇಡ. ಸ್ಟಾಪ್ ಕೇಬಲ್ ಎಳೆದೇ ಹಿಡಿಯಿರಿ, ಎಂಜಿನ್ ಹಿಡಿಯಬಾರದು. ಒಬ್ಬರು ಕೀ ತಿರುಗಿಸಲಿ, ಒಬ್ಬರು ಮೀಟರ್ ನೋಡಲಿ. ಒಂದೊಂದು ಸಲಕ್ಕೆ ಐದಾರು ಸೆಕೆಂಡು ಸಾಕು.

ಮೊದಲು ಸುಮ್ನೆ ನಿಂತಾಗ ಬ್ಯಾಟರಿ ವೋಲ್ಟೇಜ್. ಪೂರ್ತಿ ಚಾರ್ಜ್ ಇದ್ದರೆ 12.6 ಹತ್ತಿರ ಇರಬೇಕು. 12.2 ಅಂದರೆ ಅರ್ಧ. ಆಮೇಲೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ಮೇಲೇ ಎಷ್ಟು ಅಂತ ನೋಡಿ. ವೈರಿನ ಕ್ಲ್ಯಾಂಪ್ ಮೇಲೆ ಇಡಬೇಡಿ, ಸೀಸದ ಕಂಬದ ಮೇಲೇ ಇಡಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು.

ಈಗ ಮುಖ್ಯವಾದದ್ದು. ಮೀಟರಿನ ಒಂದು ಮೊನೆ ಬ್ಯಾಟರಿ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಆಮೇಲೆ ಒಂದು ಮೊನೆ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರ್ ಮೈಗೆ. ಅಲ್ಲಿ 0.3 ಒಳಗೆ ಇದ್ದರೆ ಒಳ್ಳೆಯದು. ಎಲ್ಲಿ ಜಾಸ್ತಿ ಬರುತ್ತೋ ಅಲ್ಲಿ ರೋಗ.

ತುಂಗೆ ದಡ, ತೀರ್ಥಹಳ್ಳಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇಷ್ಟೆಲ್ಲ ಯಾಕೆ? ಮೀಟರನ್ನು ಓಮ್ಸ್‌ಗೆ (ಅಡ್ಡಿ ಅಳೆಯುವ ಕಡೆಗೆ) ಇಟ್ಟು ವೈರಿನ ಎರಡು ತುದಿಗೆ ಹಿಡಿದು ನೋಡಿದರೆ ಸಾಕಲ್ವಾ? ನನ್ನ ಪಿಕಪ್‌ನಲ್ಲಿ ಬೀಪ್ ಬಂತು, ವೈರು ಸರಿ ಇದೆ ಅಂತ ಬಿಟ್ಟಿದ್ದೇನೆ.

ಸಾಗರದ ಸ್ಪ್ಯಾನರ್

ಬೀಪ್ ನಂಬಬೇಡಿ. ಡೀಸೆಲ್ ಸ್ಟಾರ್ಟರ್ ಇನ್ನೂರು ಆಂಪಿಯರ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಬರೀ 0.01 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ನುಂಗಿಹೋಗುತ್ತೆ. ನಮ್ಮ ಕೈಲಿರುವ ಸಾಮಾನ್ಯ ಮೀಟರಿಗೆ 0.01 ಓಮ್ ಕಾಣುವುದೇ ಇಲ್ಲ. ನೂರು ಎಳೆಯಲ್ಲಿ ನಾಲ್ಕು ಎಳೆ ಉಳಿದಿದ್ದರೂ ಬೀಪ್ ಬರುತ್ತೆ. ಅದಕ್ಕೇ ಕರೆಂಟು ಹರಿಯುವಾಗಲೇ ಅಳೆಯಬೇಕು.

ಶೃಂಗೇರಿ 800

ನನ್ನದು ಜೀಪಲ್ಲ, ಕಾರ್ಬುರೇಟರಿನ ಮಾರುತಿ 800, 1998ರದ್ದು. ಮಳೆ ಬಂದ ರಾತ್ರಿ ಕಳೆದರೆ ಬೆಳಿಗ್ಗೆ ಸ್ಟಾರ್ಟರ್ ಜೋರಾಗಿ ತಿರುಗುತ್ತೆ, ಎಂಜಿನ್ ಹಿಡಿಯುವುದಿಲ್ಲ. ಬಿಸಿಲು ಬಂದರೆ ಏನೂ ಆಗಿಲ್ಲದ ಹಾಗೆ ಓಡುತ್ತೆ. ಇದಕ್ಕೂ ಅರ್ಥ್ ನೋಡಬೇಕಾ?

ಬಾಳೆಹೊನ್ನೂರು ಬೆಟ್ಟ

ಜೋರಾಗಿ ತಿರುಗುತ್ತಿದ್ದರೆ ಬೇಡ. ನಿಮ್ಮದು ಕಿಡಿಯ ತೊಂದರೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ನೋಡಿ, ಇಬ್ಬನಿ ಕೂತಿರುತ್ತೆ. ಒಣ ಬಟ್ಟೆಯಲ್ಲಿ ಒರೆಸಿ. ಒಳಗಡೆ ಕಪ್ಪು ಗೆರೆ ಎಳೆದ ಹಾಗೆ ಕಂಡರೆ ಕಿಡಿ ಆ ಗೆರೆ ಹಿಡಿದು ತಪ್ಪು ದಾರಿಯಲ್ಲಿ ಹೋಗುತ್ತಿದೆ ಅಂತ ಅರ್ಥ. ಅಂಥ ಕ್ಯಾಪನ್ನು ಒರೆಸಿ ಪ್ರಯೋಜನ ಇಲ್ಲ, ಬದಲಾಯಿಸಿ.

ಇನ್ನೊಂದು ಕೆಲಸ ಮಾಡಿ. ಕತ್ತಲಲ್ಲಿ ಬಾನೆಟ್ ಎತ್ತಿ, ಇನ್ನೊಬ್ಬರ ಹತ್ತಿರ ಸೆಲ್ಫ್ ಹೊಡೆಸಿ. ಪ್ಲಗ್ ವೈರುಗಳ ಮೇಲೆ ನೀಲಿ ಕಿಡಿ ಹರಿದಾಡಿದರೆ ವೈರು ಹಳೆಯದಾಗಿದೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ. ವೈರು ಬದಲಾಯಿಸುವಾಗ ಒಂದೊಂದೇ ಬದಲಾಯಿಸಿ. ಮೂರು ಸಿಲಿಂಡರ್, ಕಿಡಿಯ ಸರದಿ 1-3-2. ಅದಲು ಬದಲಾದರೆ ಎಂಜಿನ್ ಹಿಡಿಯುವುದಿಲ್ಲ. ಇಲಿ ಕಡಿದಿದೆಯಾ ಅಂತಲೂ ನೋಡಿ, ನಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅಂದರೆ ಇಲಿಗಳಿಗೆ ಬಹಳ ಪ್ರೀತಿ.

ನಗರದ ಜೀಪು

ಅಳೆದೆವು. ತಮ್ಮ ಕೀ ತಿರುಗಿಸಿದ, ನಾನು ಮೀಟರ್ ಹಿಡಿದೆ.

ಸುಮ್ನೆ ನಿಂತಾಗ 12.5. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ಮೇಲೆ 10.8. ಪಾಸಿಟಿವ್ ಕಡೆ 0.3. ನೆಗೆಟಿವ್ ಕಂಬದಿಂದ ಸ್ಟಾರ್ಟರ್ ಮೈಗೆ 2.4! ಸ್ಟಾರ್ಟರ್ ಬೋಲ್ಟಿಗೂ ಅದರ ಮೈಗೂ ನಡುವೆ 8.1 ಮಾತ್ರ.

ಸಾಗರದ ಸ್ಪ್ಯಾನರ್

ಲೆಕ್ಕ ಸರಿಯಾಗಿ ಕೂತಿದೆ ನೋಡಿ. 10.8ರಲ್ಲಿ 0.3 ಮತ್ತು 2.4 ಕಳೆದರೆ 8.1. ಬ್ಯಾಟರಿ ಕೊಡುತ್ತಿದೆ, ಸ್ಟಾರ್ಟರಿಗೆ ತಲುಪುತ್ತಿಲ್ಲ. ಸ್ಟಾರ್ಟರ್ ಬಿಚ್ಚಿಸಬೇಡಿ, ಪಂಪ್ ಮುಟ್ಟಿಸಬೇಡಿ.

ಖಾತ್ರಿ ಮಾಡಿಕೊಳ್ಳಲು ದುಡ್ಡಿಲ್ಲದ ಉಪಾಯ ಒಂದಿದೆ. ಜಂಪರ್ ಕೇಬಲ್ ಇದ್ದರೆ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ನೇರ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ. ಸೆಲ್ಫ್ ಹೊಡೆದ ತಕ್ಷಣ ಶಬ್ದವೇ ಬೇರೆ ಬರುತ್ತೆ.

ನಗರದ ಜೀಪು

ಮಾಡಿದೆ. ಶಬ್ದ ಕೇಳಿ ಅಪ್ಪ ಒಳಗಿಂದ ಎದ್ದು ಬಂದರು. ಎಷ್ಟೋ ದಿನದಿಂದ ಇಷ್ಟು ಜೋರಾಗಿ ತಿರುಗಿರಲಿಲ್ಲ.

ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸ್ ಪಕ್ಕದ ಪಟ್ಟಿ ಹೆಸರಿಗೆ ಮಾತ್ರ ಇದೆ. ಎಳೆಗಳು ಹಸಿರು ಪುಡಿಯಾಗಿವೆ. ಚಾಸಿಯಲ್ಲಿ ಬೋಲ್ಟ್ ಇರುವ ಜಾಗ ಹಾಳೆ ಹಾಳೆ ಎದ್ದಿದೆ. ಜೀಪಿನ ಬೇರೆ ಕಡೆ ಇಷ್ಟು ತುಕ್ಕು ಇಲ್ಲ. ಇಲ್ಲಿ ಮಾತ್ರ ಯಾಕೆ?

ಅಡಿಕೆ ತೋಟ, ಯಡೂರು

ನೀವು ಔಷಧಿ ಡ್ರಮ್ಮು ಸಾಗಿಸುತ್ತೇವೆ ಅಂತ ಮೊದಲೇ ಬರೆದಿದ್ದೀರಿ. ಡ್ರಮ್ಮು ಇಡುವ ಜಾಗ ಆ ಪಟ್ಟಿಯ ಮೇಲೇ ಬರುತ್ತಾ ನೋಡಿ.

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಹಾಕುತ್ತೇವೆ. ಸುಣ್ಣ ಸಾಲದಿದ್ದರೆ ಗೊತ್ತಾಗಲಿ ಅಂತ ಹಳಬರು ಕತ್ತಿ ಅದ್ದಿ ನೋಡುತ್ತಾರೆ. ಕತ್ತಿ ಕೆಂಪಾದರೆ ಇನ್ನೂ ಸುಣ್ಣ ಬೇಕು ಅಂತ. ಆ ಕೆಂಪು ತಾಮ್ರ. ತಾಮ್ರ ಕಬ್ಬಿಣದ ಮೇಲೆ ಕೂರುತ್ತೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತೆ. ಅದಕ್ಕೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವುದಿಲ್ಲ. ನಿಮ್ಮ ಚಾಸಿಯ ಮೇಲೆ ವರ್ಷ ವರ್ಷ ಇದೇ ನಡೆದಿದೆ. ಚೀಲದಿಂದ ಉದುರಿದ ಪುಡಿ, ಮಳೆ ನೀರು, ಕಬ್ಬಿಣ. ನಮ್ಮ ಟಿಲ್ಲರ್ ಟ್ರೇಲರಿನ ತಳವೂ ಹೀಗೇ ತಿಂದುಹೋಗಿದೆ.

ಡ್ರಮ್ಮಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ. ಔಷಧಿ ಹೊಡೆಸಿದ ಸಂಜೆಯೇ ಹಿಂಬದಿ, ಅಡಿಭಾಗ ಎಲ್ಲ ನೀರು ಬಿಟ್ಟು ತೊಳೆಯಿರಿ. ಮರುದಿನಕ್ಕೆ ಬಿಡಬೇಡಿ.

ಸಾಗರದ ಸ್ಪ್ಯಾನರ್

ಯಡೂರಿನವರಿಗೆ ಧನ್ಯವಾದ. ಮಲೆನಾಡಿನ ಎಷ್ಟೋ ಜೀಪುಗಳಿಗೆ ಈ ಮಾತು ಅನ್ವಯಿಸುತ್ತೆ. ಬರೀ ಮಳೆಗೆ ಇಷ್ಟು ಬೇಗ ಹೀಗಾಗುವುದಿಲ್ಲ.

ಹೊಸದು ಹಾಕುವಾಗ ಹಳೇ ಜಾಗವನ್ನೇ ಹಿಡಿಯಬೇಕಾಗಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್‌ಗೆ ಎರಡೂ ಕಡೆ ಲಗ್ (ಬೋಲ್ಟಿಗೆ ಕೂರಿಸುವ ಲೋಹದ ತುದಿ) ಒತ್ತಿಸಿಕೊಂಡು ಬನ್ನಿ. ಸುತ್ತಿಗೆಯಲ್ಲಿ ಬಡಿದ ಲಗ್ ಬೇಡ, ಒತ್ತುವ ಯಂತ್ರದಲ್ಲೇ ಆಗಲಿ. ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್ನಿಗೆ ಒಂದು, ಎಂಜಿನ್ನಿನಿಂದ ಚಾಸಿಗೆ ಇನ್ನೊಂದು. ಬೋಲ್ಟ್ ಕೂರುವ ಜಾಗವನ್ನು ಬೆಳ್ಳಗಾಗುವ ತನಕ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಹಚ್ಚಿ. ಕೆಲಸ ಶುರು ಮಾಡುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ನಗರದ ಜೀಪು

ಎರಡೂ ಕೇಬಲ್ ಹಾಕಿದ್ದಾಯಿತು. ಮತ್ತೆ ಅಳೆದೆ, ನೆಗೆಟಿವ್ ಕಡೆ ಈಗ 0.2. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತೆ. ಒಮ್ಮೆ ಓಡಿಸಿದ ಮೇಲೆ ಕೀ ಮುಟ್ಟಿದರೆ ಸಾಕು.

ಆದರೆ ಬೆಳಿಗ್ಗೆಯ ಮೊದಲ ಸ್ಟಾರ್ಟ್ ಇನ್ನೂ ಪೂರ್ತಿ ಸರಿ ಇಲ್ಲ. ಹಿಡಿಯುತ್ತೆ, ಆದರೆ ಬಿಳಿ ಹೊಗೆ ಬಿಟ್ಟು, ಎರಡು ಸಿಲಿಂಡರಿನಲ್ಲಿ ಮಾತ್ರ ಓಡಿದ ಹಾಗೆ ನಡುಗಿ, ಸ್ವಲ್ಪ ಹೊತ್ತಿನ ಮೇಲೆ ಸಮ ಆಗುತ್ತೆ. ನೆರೆಯವರು ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆಯಿರಿ ಅಂತಾರೆ.

ಕೊಪ್ಪದ ಕಮಾಂಡರ್

ಸ್ಪ್ರೇ ಖಂಡಿತ ಬೇಡ. ನಿಮ್ಮ ಪ್ಯೂಜೊ ಎಂಜಿನ್ನಿಗೆ ಸ್ಟಾರ್ಟ್ ಮಾಡುವ ಮೊದಲು ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಇದೆ. ಅದು ಕೆಂಪಗೆ ಕಾದಿರುವಾಗ ಈಥರ್ ಒಳಗೆ ಹೋದರೆ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತೆ. ಪಿಸ್ಟನ್ ಒಡೆಯಬಹುದು, ಮುಖಕ್ಕೂ ಹಾರಬಹುದು. ಬಟ್ಟೆ ಸುಟ್ಟು ಗಾಳಿ ಬಾಯಿಗೆ ಹಿಡಿಯುವವರನ್ನೂ ನೋಡಿದ್ದೇನೆ, ಅದೂ ಬೇಡ.

ಹೀಟರ್ ಪ್ಲಗ್ ನೋಡಿ ಈಗ.

ಸಾಗರದ ಸ್ಪ್ಯಾನರ್

ಹೌದು. ಇದು ಇಂಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಡೀಸೆಲ್ ಮೊದಲು ತಲೆಯೊಳಗಿನ ಸಣ್ಣ ಕೋಣೆಗೆ ಬೀಳುತ್ತೆ. ತಣ್ಣಗಿದ್ದಾಗ ಆ ಕೋಣೆಯ ಗೋಡೆ ಬಿಸಿಯನ್ನು ಎಳೆದುಕೊಳ್ಳುತ್ತೆ, ಅದಕ್ಕೇ ಹೀಟರ್ ಪ್ಲಗ್ ಬೇಕೇ ಬೇಕು. ಇಳುಕಲಿನಲ್ಲಿ ಬಿಟ್ಟಾಗ ಎಂಜಿನ್ ವೇಗವಾಗಿ ತಿರುಗುವುದರಿಂದ ಈ ಕೊರತೆ ಇಷ್ಟು ದಿನ ಮುಚ್ಚಿಹೋಗಿತ್ತು.

ಕೀ ಆಫ್ ಮಾಡಿ. ಪ್ಲಗ್‌ಗಳ ತಲೆಗೆ ಜೋಡಿಸಿದ ಪಟ್ಟಿ ತೆಗೆಯಿರಿ. ಪಟ್ಟಿ ಇದ್ದ ಹಾಗೇ ಅಳೆದರೆ ನಾಲ್ಕೂ ಸೇರಿ ಒಂದೇ ಸಂಖ್ಯೆ ಬರುತ್ತೆ, ಸತ್ತದ್ದು ಯಾವುದು ಅಂತ ತಿಳಿಯುವುದಿಲ್ಲ. ಈಗ ಓಮ್ಸ್ ಇಟ್ಟು ಒಂದೊಂದೇ ಪ್ಲಗ್ಗಿನ ತಲೆಗೂ ಎಂಜಿನ್ನಿಗೂ ಅಳೆಯಿರಿ. ಒಳ್ಳೆಯ 12 ವೋಲ್ಟ್ ಪ್ಲಗ್ ಸುಮಾರು ಒಂದು ಓಮ್ ತೋರಿಸುತ್ತೆ. ಸತ್ತದ್ದು ಏನೂ ತೋರಿಸುವುದಿಲ್ಲ. ಪಟ್ಟಿಗೆ ಕರೆಂಟು ಬರುತ್ತಿದೆಯಾ ಅಂತಲೂ ನೋಡಿ, ಎಷ್ಟೋ ಸಲ ಪ್ಲಗ್ ಸರಿ ಇದ್ದು ಅದಕ್ಕೆ ಕರೆಂಟು ಬಿಡುವ ರಿಲೇ ಹೋಗಿರುತ್ತೆ.

ನಗರದ ಜೀಪು

ಪಟ್ಟಿಗೆ 11 ವೋಲ್ಟಿನ ಮೇಲೆ ಬರುತ್ತಿದೆ. ಎರಡು ಪ್ಲಗ್ ಒಂದು ಓಮ್ ಹತ್ತಿರ. ಎರಡು ಸತ್ತಿವೆ. ನಾಲ್ಕೂ ಬದಲಾಯಿಸಲಾ, ಎರಡೇ ಸಾಕಾ?

ಸಾಗರದ ಸ್ಪ್ಯಾನರ್

ನಾಲ್ಕೂ ಹಾಕಿ. ಉಳಿದ ಎರಡೂ ಅಷ್ಟೇ ವಯಸ್ಸಿನವು. ಹಳೆಯದನ್ನು ಅಂಗಡಿಗೆ ಒಯ್ದು ವೋಲ್ಟೇಜ್, ಉದ್ದ, ಥ್ರೆಡ್ ಮೂರೂ ಹೊಂದಿಸಿ ತನ್ನಿ. ಉದ್ದ ಜಾಸ್ತಿ ಇರುವುದನ್ನು ಹಾಕಿದರೆ ಒಳಗೆ ತಗುಲುತ್ತೆ.

ತೆಗೆಯುವಾಗ ಅವಸರ ಮಾಡಬೇಡಿ. ಹಿಂದಿನ ರಾತ್ರಿ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಎಂಜಿನ್ ಓಡಿಸಿ ಬೆಚ್ಚಗಿರುವಾಗ ಸಡಿಲಿಸಿ. ಬಿಗಿ ಅನ್ನಿಸಿದರೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ತುದಿ ಮುರಿದು ಒಳಗೆ ಉಳಿದರೆ ಹೆಡ್ ಇಳಿಸಬೇಕಾಗುತ್ತೆ, ಆಗ ಪಂಪಿನ ಖರ್ಚೇ ವಾಸಿ ಅನ್ನಿಸುತ್ತೆ.

ಶೃಂಗೇರಿ 800

ಬಾಳೆಹೊನ್ನೂರಿನವರೇ, ಕ್ಯಾಪ್ ಒಳಗೆ ನೀವು ಹೇಳಿದ ಕಪ್ಪು ಗೆರೆಯೇ ಇತ್ತು. ಕ್ಯಾಪ್, ರೋಟರ್ ಎರಡೂ ಹೊಸದು ಹಾಕಿದೆ. ರಾತ್ರಿಯಿಡೀ ಮಳೆ ಸುರಿದರೂ ಬೆಳಿಗ್ಗೆ ಒಂದೇ ಸಲಕ್ಕೆ ಹಿಡಿಯಿತು. ತುಂಬಾ ಉಪಕಾರವಾಯಿತು.

ನಗರದ ಜೀಪು

ನಾಲ್ಕೂ ಪ್ಲಗ್ ಬಂದವು, ಒಂದೂ ಮುರಿಯಲಿಲ್ಲ. ಈಗ ಹೀಟರ್ ಸ್ವಲ್ಪ ಹೊತ್ತು ಹಿಡಿದು ಕೀ ತಿರುಗಿಸಿದರೆ ತಕ್ಷಣ ಹಿಡಿಯುತ್ತೆ, ನಡುಕ ಇಲ್ಲ. ಎಲ್ಲರಿಗೂ, ಮುಖ್ಯವಾಗಿ ಸಾಗರದವರಿಗೆ, ಮನೆಯವರೆಲ್ಲರ ಪರವಾಗಿ ನಮಸ್ಕಾರ. ನಾಳೆಯಿಂದ ಔಷಧಿ ಕೆಲಸ ಶುರು. ಡ್ರಮ್ಮಿನ ಅಡಿಗೆ ಹಾಳೆ ಹಾಕಿದ್ದೇವೆ.

ಒಂದು ಉಳಿದಿದೆ. ಸ್ಟಾಪ್ ಕೇಬಲ್ ಎಳೆದರೆ ಈಗ ಗಟ್ಟಿ ಬರುತ್ತೆ, ಬಿಟ್ಟರೆ ಪೂರ್ತಿ ಹಿಂದೆ ಹೋಗುವುದಿಲ್ಲ.

ಸಾಗರದ ಸ್ಪ್ಯಾನರ್

ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಹಿಡಿದುಕೊಂಡಿದೆ. ಎಣ್ಣೆ ಬಿಟ್ಟರೆ ಸರಿಹೋಗುವುದಿಲ್ಲ, ಕೇಬಲ್ ಬದಲಾಯಿಸಿ. ಅರ್ಧ ಎಳೆದ ಸ್ಥಿತಿಯಲ್ಲಿ ನಿಂತರೆ ಡೀಸೆಲ್ ಕಟ್ಟಾಗಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ನೀವು ಬೇರೆಲ್ಲೋ ಹುಡುಕುತ್ತೀರಿ. ಬೇಕಾದ ಹೊತ್ತಿಗೆ ಎಂಜಿನ್ ನಿಲ್ಲದೇ ಹೋದರೆ ಅದೂ ಅಪಾಯ. ಸ್ಪೀಡೋಮೀಟರ್ ಕೇಬಲ್ಲನ್ನೂ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ. ಅದೂ ಗೇರ್‌ಬಾಕ್ಸ್ ಕಡೆಯಿಂದ ಡ್ಯಾಶ್‌ಬೋರ್ಡಿಗೆ ಬರುತ್ತೆ, ಕರೆಂಟು ಆ ದಾರಿಯಲ್ಲೂ ಹೋಗಿರಬಹುದು.